6ನೇ, 7ನೇ ಜೆರ್ಸಿ ಯಾರಿಗೆ? ವಿಕಲ್ಪದ ಒಂದು ಅಭ್ಯಾಸ ಪಾಠ

ವಿಕಲ್ಪ ಕಲಿಸುವಾಗ ನಾವೆಲ್ಲ ಕ್ರಿಕೆಟ್ ತಂಡದ ಉದಾಹರಣೆಯನ್ನೇ ಕೊಡುತ್ತೇವೆ. ಮಕ್ಕಳು ಅಷ್ಟರಲ್ಲೇ ಮೆಚ್ಚಿನ ಆಟಗಾರರನ್ನು ಆರಿಸಿರುತ್ತಾರೆ, ಎಣಿಸುವುದಿಲ್ಲ. ಅದಕ್ಕೇ ಅವರಿಗೆ ಗೊತ್ತಿಲ್ಲದ ಆಟ ತೆಗೆದುಕೊಂಡೆ: ಆಸ್ಟ್ರೇಲಿಯಾದ ರಗ್ಬಿ ಲೀಗ್. ತಂಡದಲ್ಲಿ 13 ಜನ; ಆಟ ಕಟ್ಟುವ ಹೊಣೆ ಮುಖ್ಯವಾಗಿ 6ನೇ ಜೆರ್ಸಿಯ ಫೈವ್-ಎಯ್ತ್ ಮತ್ತು 7ನೇ ಜೆರ್ಸಿಯ ಹಾಫ್‌ಬ್ಯಾಕ್‌ರದು.

ನಾಲ್ವರಲ್ಲಿ ಇಬ್ಬರನ್ನು ಆರಿಸಿ ಎಂದೆ. 6 ವಿಧ ಎಂದರು. ಜೆರ್ಸಿಯನ್ನೂ ಹಂಚಿದಾಗ 12. ನನ್ನ ಪಾಠಯೋಜನೆ ಅಲ್ಲಿಗೇ ಮುಗಿದಿತ್ತು. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಸರ್, ಆ ಇಬ್ಬರು ಮೊದಲು ಜೊತೆಗೆ ಆಡಿದ್ದಾರಾ?"

ಆಯ್ಕೆಗಾರರ ತಲೆನೋವೂ ಅದೇ. ಸ್ಟೇಟ್ ಆಫ್ ಆರಿಜಿನ್ ಸರಣಿಯಲ್ಲಿ ಕ್ವೀನ್ಸ್‌ಲ್ಯಾಂಡ್ 2006ರಿಂದ 2013ರವರೆಗೆ ಸತತ 8 ಬಾರಿ ಗೆದ್ದಿತು. ಡ್ಯಾರೆನ್ ಲಾಕ್ಯರ್ ನಿವೃತ್ತರಾದ ಮೇಲೆ, 2012ರಲ್ಲಿ ಜೊನಾಥನ್ ಥರ್ಸ್ಟನ್ 7ರಿಂದ 6ಕ್ಕೆ ಸರಿದರು. 7 ಕೂಪರ್ ಕ್ರಾಂಕ್‌ಗೆ ಬಂತು. ಹುಕರ್ ಕ್ಯಾಮೆರಾನ್ ಸ್ಮಿತ್, ಫುಲ್‌ಬ್ಯಾಕ್ ಬಿಲ್ಲಿ ಸ್ಲೇಟರ್ ಇಬ್ಬರೂ ಕ್ರಾಂಕ್‌ರ ಕ್ಲಬ್‌ನವರೇ, ಮೆಲ್ಬರ್ನ್ ಸ್ಟಾರ್ಮ್. 2014ರಲ್ಲಿ ನ್ಯೂ ಸೌತ್ ವೇಲ್ಸ್ ಕೂಡ ಒಂದೇ ಕ್ಲಬ್‌ನ ಜೋಡಿಯನ್ನು, ಜೋಶ್ ರೆನಾಲ್ಡ್ಸ್ ಮತ್ತು ಟ್ರೆಂಟ್ ಹಾಡ್‌ಕಿನ್‌ಸನ್‌ರನ್ನು, ಇಳಿಸಿ ಸರಣಿಯನ್ನು 2–1ರಿಂದ ಗೆದ್ದಿತು. ಗೆಲುವಿಗೆ ಜೋಡಿಯೊಂದೇ ಕಾರಣ ಎನ್ನಲಾರೆ. ಆದರೆ ನಮ್ಮ ಸೂತ್ರಕ್ಕೆ ಆರೂ ಜೋಡಿಗಳು ಒಂದೇ. ಅದನ್ನು ತರಗತಿಗೆ ನಾನೇ ಹೇಳಬೇಕಿತ್ತು.

ಮರುದಿನ ಅವಳ ಪ್ರಶ್ನೆಯನ್ನೇ ಲೆಕ್ಕವಾಗಿಸಿದೆ: ನಾಲ್ವರಲ್ಲಿ ಇಬ್ಬರು ಒಂದೇ ಕ್ಲಬ್‌ನವರು, ಆರಿಸಿದರೆ ಇಬ್ಬರನ್ನೂ, ಇಲ್ಲವೇ ಇಬ್ಬರನ್ನೂ ಬಿಡಬೇಕು. ಜೆರ್ಸಿ ಸಹಿತ ಎಷ್ಟು ವಿಧ? ಹೆಚ್ಚಿನವರು 2 ಎಂದು ಬರೆದರು. ಜೆರ್ಸಿ ಮರೆತಿದ್ದರು, ಉತ್ತರ 4. ಹಿಂದಿನ ಬೆಂಚಿನಿಂದ ಸರಿಯಾಗಿ ಬಂತು.