ಮರಿಯೇ ಬೇಕೆ, ದೊಡ್ಡ ಬೆಕ್ಕು ಆಗದೆ?

ದೀಪಾವಳಿಯ ಹೊತ್ತಿಗೆ ಹಿರೇಕೆರೂರು ತಾಲ್ಲೂಕಿನ ಹೊಲಗಳಿಂದ ಗೋವಿನಜೋಳ ಮನೆ ಸೇರುತ್ತದೆ. ಅಬಲೂರಿನಂಥ ಊರಿನಲ್ಲಿ ಪಡಸಾಲೆಯ ಮೂಲೆಗೆ ನಾಲ್ಕು ಚೀಲ ಒಟ್ಟಿದರೆ ಸಾಕು, ಇಲಿಗಳೂ ಹಾಜರಾಗುತ್ತವೆ. ಆಗ ಎಲ್ಲರಿಗೂ ಬೆಕ್ಕಿನ ನೆನಪಾಗುತ್ತದೆ. ಯಾರ ಮನೆಯ ಬೆಕ್ಕು ಮರಿ ಹಾಕಿದೆ ಎಂದು ಓಣಿಯಲ್ಲಿ ವಿಚಾರಣೆ ನಡೆಯುತ್ತದೆ.

ಅದೇ ಓಣಿಯಲ್ಲಿ ಒಂದು ಮನೆಯವರು ದುಡಿಯಲು ಊರು ಬಿಟ್ಟು ಹೋಗಿದ್ದಾರೆ, ಅವರ ಬೆಕ್ಕು ಮುಚ್ಚಿದ ಬಾಗಿಲ ಮುಂದೆ ಕೂತಿದೆ ಎಂದು ಇಟ್ಟುಕೊಳ್ಳಿ. “ಅಜ್ಜೀ, ಅದನ್ನ ತರೂಣೇನು?” ಎಂದು ನೀವು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಇದು: “ದೊಡ್ಡ ಬೆಕ್ಕು ನಿಲ್ಲಂಗಿಲ್ಲವ್ವಾ, ತಂದ ಮರುದಿನಾನ ಓಡಿ ಹೋಗ್ತೈತಿ. ಮರೀನ ತಗೊಂಡ್ ಬಾ.”

ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ನಾವು ಪರೀಕ್ಷಿಸೋಣ.

ಮೊದಲು ಇಲಿಯ ವಿಷಯ. ಬೆಕ್ಕು ಹುಟ್ಟುತ್ತಲೇ ಇಲಿ ಹಿಡಿಯಲು ಬಲ್ಲದೇ? ಚೀನಾದ ವಿಜ್ಞಾನಿ ಝಿಂಗ್ ಯಾಂಗ್ ಕುವೊ ಇದನ್ನು ಪರೀಕ್ಷಿಸಿ 1930ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರು ಬೆಕ್ಕಿನ ಮರಿಗಳನ್ನು ಮೂರು ಗುಂಪು ಮಾಡಿ ಬೆಳೆಸಿದರು. ಒಂದು ಗುಂಪಿನ ಮರಿಗಳು ತಾಯಿ ಇಲಿ ಕೊಲ್ಲುವುದನ್ನು ನೋಡುತ್ತ ಬೆಳೆದವು. ಅವುಗಳಲ್ಲಿ 21ಕ್ಕೆ 18 ಮರಿಗಳು ಮುಂದೆ ಇಲಿ ಕೊಂದವು. ಎರಡನೆಯ ಗುಂಪಿನವು ಒಂಟಿಯಾಗಿ ಬೆಳೆದವು; ಅವುಗಳಲ್ಲಿ 20ಕ್ಕೆ 9 ಮಾತ್ರ ಕೊಂದವು. ಮೂರನೆಯ ಗುಂಪು ಇನ್ನೂ ಸ್ವಾರಸ್ಯಕರ. ಆ ಮರಿಗಳು ಇಲಿಗಳ ಜೊತೆಯಲ್ಲೇ ಒಂದೇ ಗೂಡಿನಲ್ಲಿ ಬೆಳೆದವು. 18ರಲ್ಲಿ 3 ಮಾತ್ರ ಇಲಿ ಕೊಂದವು. ಅವೂ ತಮ್ಮ ಜೊತೆ ಬೆಳೆದ ಜಾತಿಯ ಇಲಿಯನ್ನು ಮುಟ್ಟಲಿಲ್ಲ! (ಇಂಥ ಪ್ರಯೋಗವನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಇಲಿಗೂ ಜೀವವಿದೆ.)

ಇದರಿಂದ ಏನು ತಿಳಿಯುತ್ತದೆ? ಚಲಿಸುವ ಸಣ್ಣ ವಸ್ತುವಿನ ಮೇಲೆ ಹಾರುವ ಸ್ವಭಾವ ಮರಿಗೆ ಹುಟ್ಟಿನಿಂದ ಬರುತ್ತದೆ. ಆದರೆ ಅದು ಇಲಿ ಹಿಡಿಯುವ ಬೆಕ್ಕಾಗುವುದರಲ್ಲಿ ತಾಯಿಯ ಪಾಠ ದೊಡ್ಡದು. ಕಣ್ಣು ಬಿಟ್ಟು ಸ್ವಲ್ಪ ದಿನಕ್ಕೇ ತಾಯಿಯಿಂದ ಕಿತ್ತು ತಂದ ಮರಿಗೆ ಈ ಪಾಠ ಸಿಗುವುದಿಲ್ಲ. ಮರಿಯನ್ನೇ ತರುವುದಾದರೆ ಕನಿಷ್ಠ 8 ವಾರ ತಾಯಿಯ ಬಳಿ ಬಿಡಬೇಕು. ಬೆಳೆದ ಬೆಕ್ಕಿನ ವಿಷಯದಲ್ಲಿ ಊಹೆ ಬೇಕಿಲ್ಲ. ಅದು ಇಲಿ ಹಿಡಿಯುತ್ತದೆಯೋ ಇಲ್ಲವೋ ಎಂಬುದು ಅಕ್ಕಪಕ್ಕದ ಮನೆಯವರಿಗೆಲ್ಲ ಗೊತ್ತಿರುತ್ತದೆ, ಕೇಳಿದರಾಯಿತು.

ಹಾಗೆಂದು ಬೆಕ್ಕಿನ ಮೇಲೆ ಪೂರ್ತಿ ಭಾರ ಹಾಕುವಂತಿಲ್ಲ. ಅಮೆರಿಕದ ನ್ಯೂಯಾರ್ಕಿನ ಒಂದು ಕಸ ಸಂಸ್ಕರಣಾ ಕೇಂದ್ರದಲ್ಲಿ ಕ್ಯಾಮೆರಾ ಇಟ್ಟು 79 ದಿನ ಗಮನಿಸಿದರು. ಅಲ್ಲಿನ ಬೆಕ್ಕುಗಳು ಕೊಂದ ದೊಡ್ಡ ಇಲಿಗಳು ಎರಡೇ ಎರಡು ಎಂದು 2018ರಲ್ಲಿ ವರದಿಯಾಯಿತು. ಬೆಕ್ಕು ಬಂದಾಗ ಇಲಿಗಳು ಹೆಚ್ಚಾಗಿ ಅಡಗಿಕೊಂಡವು. ಬೆಕ್ಕಿಗೆ ಸುಲಭವಾಗಿ ದಕ್ಕುವುದು ಚಿಕ್ಕ ಇಲಿ. ಹೆಗ್ಗಣದ ತಂಟೆಗೆ ಹೋಗದ ಬೆಕ್ಕುಗಳೇ ಬಹಳ. ಆದ್ದರಿಂದ ಚೀಲಗಳನ್ನು ಗೋಡೆಯಿಂದ ದೂರ, ಹಲಗೆಯ ಮೇಲೆ ಎತ್ತರದಲ್ಲಿ ಇಡುವ ಕೆಲಸ ನಮ್ಮದೇ.

ಈಗ ಸ್ನೇಹದ ಪ್ರಶ್ನೆ. ಮರಿ ತಂದರೆ ಮಾತ್ರ ಒಗ್ಗುತ್ತದೆಯೇ? ಬೆಕ್ಕಿನ ಜೀವನದಲ್ಲಿ 2ನೆಯ ವಾರದಿಂದ 7ನೆಯ ವಾರದವರೆಗಿನ ಕಾಲ ಮುಖ್ಯ. ಆಗ ಮನುಷ್ಯರ ಕೈ, ದನಿ, ವಾಸನೆ ಪರಿಚಯವಾದರೆ ಅದು ಮುಂದೆಯೂ ಮನುಷ್ಯರನ್ನು ನಂಬುತ್ತದೆ. ಆ ಕಾಲವನ್ನು ಹುಲ್ಲಿನ ಬಣವೆಯ ಸಂದಿಯಲ್ಲಿ ಯಾರನ್ನೂ ಕಾಣದೆ ಕಳೆದ ಬೆಕ್ಕು, ಎಷ್ಟು ಅನ್ನ ಹಾಕಿದರೂ ಮಡಿಲಿಗೆ ಬರುವುದು ಕಷ್ಟ. ಆದರೆ ಬಾಗಿಲ ಮುಂದೆ ಕೂತ ನಮ್ಮ ಬೆಕ್ಕು ಮನೆಯೊಳಗೇ ಬೆಳೆದದ್ದು. ಅದು ಬಾಲವನ್ನು ಮೇಲಕ್ಕೆ ನೆಟ್ಟಗೆ ನಿಲ್ಲಿಸಿಕೊಂಡು ನಿಮ್ಮತ್ತ ಬಂದರೆ, ಅದು ಬೆಕ್ಕಿನ ಭಾಷೆಯಲ್ಲಿ ನಮಸ್ಕಾರ. ನೀವೂ ದೂರದಲ್ಲಿ ಕೂತು ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಮಾಡಿದವರತ್ತ ಬೆಕ್ಕುಗಳೂ ಕಣ್ಣು ಕಿರಿದು ಮಾಡಿದ್ದು ಕಂಡುಬಂತು.

ಇನ್ನು ಓಡಿಹೋಗುವ ಮಾತು. ಅಜ್ಜಿ ಹೇಳಿದ್ದು ಇಲ್ಲಿ ನಿಜ. ಬೆಕ್ಕು ತನ್ನ ಜಾಗವನ್ನು ವಾಸನೆಯಿಂದ ಗುರುತಿಸುತ್ತದೆ. ಅದರ ಕೆನ್ನೆಯಲ್ಲಿ ಗ್ರಂಥಿಗಳಿವೆ. ಬಾಗಿಲ ಚೌಕಟ್ಟು, ಕಂಬ, ನಿಮ್ಮ ಕಾಲು ಎಲ್ಲಕ್ಕೂ ಕೆನ್ನೆ ಉಜ್ಜಿ ‘ಇದು ನನ್ನದು’ ಎಂದು ಗುರುತು ಹಾಕುತ್ತದೆ. ಹೊಸ ಮನೆಯಲ್ಲಿ ಈ ಗುರುತು ಒಂದೂ ಇರುವುದಿಲ್ಲ. ಗೋಣಿಚೀಲದಲ್ಲಿ ಕಟ್ಟಿ ತಂದು ಅಂಗಳದಲ್ಲಿ ಬಿಚ್ಚಿದರೆ ಅದು ಹಳೆಯ ಗುರುತು ಹುಡುಕಿ ಹೊರಡುವುದು ಸಹಜ. ಹಳೆಯ ಮನೆ ಅದೇ ಓಣಿಯಲ್ಲಿದ್ದರಂತೂ ಕೇಳುವುದೇ ಬೇಡ.

ಉಪಾಯ ಸರಳ, ತಾಳ್ಮೆ ಬೇಕು ಅಷ್ಟೆ. ಬೆಕ್ಕನ್ನು 2–3 ವಾರ ಒಂದೇ ಕೋಣೆಯಲ್ಲಿ ಇರಿಸಬೇಕು. ಬೆಳಕಿಂಡಿ, ಹಂಚಿನ ಸಂದಿ ಮುಚ್ಚಿರಬೇಕು. ಅದು ಮಲಗುತ್ತಿದ್ದ ಹಳೆಯ ಬಟ್ಟೆ ಸಿಕ್ಕರೆ ತಂದು ಹಾಸಿ. ಒಂದು ಹಳೆಯ ಬುಟ್ಟಿಯಲ್ಲಿ ಮರಳು ತುಂಬಿಡಿ, ಮಲಮೂತ್ರಕ್ಕೆ ಅಲ್ಲಿಗೇ ಹೋಗುತ್ತದೆ. ಅಡಗಲು ಒಂದು ರಟ್ಟಿನ ಪೆಟ್ಟಿಗೆ ಇರಲಿ. ಮೊದಲ ಎರಡು ಮೂರು ದಿನ ಅದು ಪೆಟ್ಟಿಗೆಯಿಂದ ಹೊರಗೇ ಬರದಿರಬಹುದು. ಎಳೆದು ತೆಗೆಯಬೇಡಿ. ದಿನವೂ ಅದೇ ಹೊತ್ತಿಗೆ, ಅದೇ ದನಿಯಲ್ಲಿ ಕರೆದು ಊಟ ಇಡಿ. ಅದು ಕೋಣೆಯ ಕಂಬಕ್ಕೆ ಕೆನ್ನೆ ಉಜ್ಜತೊಡಗಿದರೆ ಮನೆ ಒಪ್ಪಿಗೆಯಾಯಿತು ಎನ್ನಬಹುದು. ಆಮೇಲೆ ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಹಸಿದಿರುವಾಗ, ಬಾಗಿಲು ತೆರೆಯಿರಿ. ಕರೆದಾಗ ಮರಳಿ ಬರುತ್ತದೆ.

ಊಟವೆಂದರೆ ಬರೀ ಹಾಲಲ್ಲ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗದೆ ಭೇದಿಯಾಗುತ್ತದೆ. ಬೆಕ್ಕು ಮಾಂಸಾಹಾರಿ, ಮೊಟ್ಟೆ, ಮೀನು, ಮಾಂಸದ ಚೂರು ಅದಕ್ಕೆ ಬೇಕು. ಉಪವಾಸ ಕೆಡವಿದರೆ ಇಲಿ ಹೆಚ್ಚು ಹಿಡಿಯುತ್ತದೆ ಎಂದು ಕೆಲವರು ಹೇಳುವುದುಂಟು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ, ಹಸಿದದ್ದು ಬೇರೆ ಮನೆ ಹುಡುಕುತ್ತದೆ. ಇಲಿ ಪಾಷಾಣ ಇಟ್ಟ ಮನೆಗಂತೂ ಬೆಕ್ಕನ್ನು ತರಲೇಬೇಡಿ. ವಿಷ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯಬಹುದು.

ತಂದ ಬೆಕ್ಕನ್ನು ಪಶು ಆಸ್ಪತ್ರೆಗೆ ಒಯ್ದು ರೇಬೀಸ್ ಲಸಿಕೆ ಹಾಕಿಸಲು ದೊಡ್ಡವರಿಗೆ ಹೇಳಿ. ಮರಿಗಳ ಸಂಖ್ಯೆ ಏರದಂತೆ ಮಾಡುವ ಶಸ್ತ್ರಚಿಕಿತ್ಸೆಯ ಬಗ್ಗೆಯೂ ಅಲ್ಲೇ ವಿಚಾರಿಸಬಹುದು. ವಯಸ್ಸನ್ನು ವೈದ್ಯರು ಹಲ್ಲು ನೋಡಿ ಅಂದಾಜು ಮಾಡುತ್ತಾರೆ: ಮರಿಗೆ 26 ಹಾಲುಹಲ್ಲು, ಸುಮಾರು 6 ತಿಂಗಳ ಹೊತ್ತಿಗೆ 30 ಶಾಶ್ವತ ಹಲ್ಲು. ನೀವು ಬಾಯಿಗೆ ಕೈ ಹಾಕಬೇಡಿ! ಯಾವ ಬೆಕ್ಕಾದರೂ ಕಚ್ಚಿದರೆ, ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಮನೆಯಲ್ಲಿ ಮುಚ್ಚಿಡದೆ ಹೇಳಿ, ಅಂದೇ ಆಸ್ಪತ್ರೆಗೆ ಹೋಗಿ.

ಮಾಡಿ ನೋಡಿ

ಬೆಕ್ಕು ತರುವ ಮುಂಚೆ ಒಂದು ರಾತ್ರಿ ಕಾಳಿನ ಚೀಲಗಳ ಸುತ್ತ ಒಲೆಯ ತಣ್ಣನೆಯ ಬೂದಿಯನ್ನು ತೆಳ್ಳಗೆ ಹರಡಿ. ಬೆಳಿಗ್ಗೆ ಅದರ ಮೇಲೆ ಮೂಡಿದ ಇಲಿಯ ಹೆಜ್ಜೆಗಳನ್ನು ಎಣಿಸಿ ಬರೆದಿಡಿ. ಚಿಕ್ಕ ಹೆಜ್ಜೆ, ದೊಡ್ಡ ಹೆಜ್ಜೆ ಬೇರೆ ಬೇರೆ ಬರೆಯಿರಿ. ಹಿಕ್ಕೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆಕ್ಕು ಮನೆಯಲ್ಲಿ ಓಡಾಡತೊಡಗಿದ ಮೇಲೆ ವಾರಕ್ಕೊಮ್ಮೆ ಹೀಗೆಯೇ ಮಾಡಿ. ಯಾವ ಅಳತೆಯ ಹೆಜ್ಜೆ ಕಡಿಮೆಯಾಯಿತು? ಗೆಳೆಯರ ಮನೆಗೆ ಮರಿ ತಂದಿದ್ದರೆ ಅವರ ಲೆಕ್ಕವನ್ನೂ ಪಕ್ಕದಲ್ಲಿಟ್ಟು ಹೋಲಿಸಿ, ತರಗತಿಯಲ್ಲಿ ಗುರುಗಳಿಗೆ ತೋರಿಸಿ.