ಕುದುರೆಯ ಬೆಲೆ, ಲಾಳದ ಬೆಲೆ

ಫೆರಾರಿ 308 ಜಿಟಿಬಿ ಮೊದಲು ಕಾಣಿಸಿಕೊಂಡಿದ್ದು 1975ರ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ, 1973ರಲ್ಲಿ, ಅದೇ ಕಂಪನಿಯಿಂದ 308 ಜಿಟಿ4 ಎಂಬ ಇನ್ನೊಂದು ಕಾರು ಹೊರಬಂದಿತ್ತು. ಎರಡರಲ್ಲೂ ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಕೂತಿರುವುದು ಬಹುಮಟ್ಟಿಗೆ ಒಂದೇ ಎಂಜಿನ್: ಎಂಟು ಸಿಲಿಂಡರ್, 2,926 ಸಿಸಿ, ನಾಲ್ಕು ವೆಬರ್ ಕಾರ್ಬುರೇಟರು. ಜಿಟಿಬಿಯ ಮೈಕಟ್ಟು ಪಿನಿನ್‌ಫರೀನಾದ್ದು. ನೋಡಿದವರು ಇವತ್ತಿಗೂ ತಿರುಗಿ ನೋಡುತ್ತಾರೆ. ಜಿಟಿ4ರದ್ದು ಬೆರ್ಟೋನೆಯ ಕೆಲಸ. ಮೂಲೆಮೂಲೆಯ ಗೆರೆಗಳು, ಹಿಂದೆ ಮಕ್ಕಳಷ್ಟೇ ಮುದುಡಿ ಕೂರಬಹುದಾದ ಎರಡು ಸೀಟು, ಮೇಲಾಗಿ ಮೊದಮೊದಲು ಫೆರಾರಿ ಎಂಬ ಹೆಸರೂ ಇಲ್ಲದೆ ಬರೀ ‘ಡೀನೊ’ ಎಂಬ ಫಲಕ. ಮಾರುಕಟ್ಟೆ ಈ ಮೂರು ತಪ್ಪನ್ನೂ ಪೂರ್ತಿ ಕ್ಷಮಿಸಿಲ್ಲ. ಫೈಬರ್‌ಗ್ಲಾಸ್ ಮೈಯ ಮೊದಲ ಜಿಟಿಬಿಗಳಿಗೆ ಸಿಗುವ ಬೆಲೆಯ ಹತ್ತಿರಕ್ಕೂ ಜಿಟಿ4 ಬರುವುದಿಲ್ಲ. ಬಜೆಟ್ಟು ಸಣ್ಣದಿದ್ದು ಆಸೆ ದೊಡ್ಡದಿರುವವರ ಕಣ್ಣು ಸಹಜವಾಗಿಯೇ ಅದರ ಮೇಲೆ ಬೀಳುತ್ತದೆ. ಆದರೆ ಎಂಜಿನ್ ಬಿಚ್ಚಿ ಮೇಜಿನ ಮೇಲೆ ಹರಡಿದ ದಿನ ಎರಡೂ ಕಾರಿನ ಬಿಲ್ಲು ಹೆಚ್ಚುಕಡಿಮೆ ಒಂದೇ. ಕಾಸಿಗೆ ತಕ್ಕ ಕಜ್ಜಾಯ ಎನ್ನುವ ಲೆಕ್ಕ ಕೊಳ್ಳುವಾಗ ನಡೆಯುತ್ತದೆ, ರಿಪೇರಿಗೆ ನಡೆಯುವುದಿಲ್ಲ. ಹಳೆಯ ಇಟಾಲಿಯನ್ ಸ್ಪೋರ್ಟ್ಸ್ ಕಾರಿನ ಹಣಕಾಸೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ ಎಂಬುದು ನನ್ನ ವಾದ.

ಕಾರಣ ಸರಳ. ಕಾರಿನ ಪೇಟೆ ಬೆಲೆ ನಿರ್ಧಾರವಾಗುವುದು ಅಂದ, ವಿರಳತೆ, ಸಿನಿಮಾ, ಹರಟೆ ಇವುಗಳಿಂದ. ರಿಪೇರಿಯ ಬೆಲೆ ನಿರ್ಧಾರವಾಗುವುದು ಕೆಲಸದ ಗಂಟೆಗಳಿಂದ, ಬಿಡಿಭಾಗ ಎಷ್ಟು ತಯಾರಾಗುತ್ತದೆ ಎಂಬುದರಿಂದ. 308ರ ನಾಲ್ಕು ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುವುದು ಹಲ್ಲುಳ್ಳ ಎರಡು ರಬ್ಬರ್ ಬೆಲ್ಟು. ಅವುಗಳಲ್ಲಿ ಒಂದು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಬೆಲ್ಟಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಎಂಜಿನ್ನಿನ ಪುನರ್ಜನ್ಮದ ಖರ್ಚಾಗುತ್ತದೆ. ರಬ್ಬರಿಗೆ ಕಿಲೋಮೀಟರಿನ ಲೆಕ್ಕ ಗೊತ್ತಿಲ್ಲ, ವರ್ಷದ ಲೆಕ್ಕ ಮಾತ್ರ ಗೊತ್ತು. ಹಾಗಾಗಿ ಮುಸುಕು ಹಾಕಿ ನಿಲ್ಲಿಸಿಟ್ಟ ಕಾರಿಗೂ ಮೂರರಿಂದ ಐದು ವರ್ಷಕ್ಕೊಮ್ಮೆ ಬೆಲ್ಟು ಬದಲಿಸಬೇಕು. 308ರಲ್ಲಿ ಈ ಕೆಲಸವನ್ನು ಎಂಜಿನ್ ಇಳಿಸದೆಯೇ ಮಾಡಬಹುದು, ಅದು ಕೊಳ್ಳುವವನ ಪುಣ್ಯ. 1984ರ ಟೆಸ್ಟಾರೊಸಾ, 1989ರ 348, 1994ರ ಎಫ್355 ಇವುಗಳಲ್ಲಿ ಅದೇ ಬೆಲ್ಟಿಗಾಗಿ ಇಡೀ ಎಂಜಿನ್ನನ್ನು ಕೆಳಗಿಳಿಸಬೇಕು. ಹರಾಜಿನಲ್ಲಿ 348 ಎಷ್ಟೇ ಅಗ್ಗಕ್ಕೆ ಸಿಕ್ಕಿರಲಿ, ಎಂಜಿನ್ ಇಳಿಸಿ ಏರಿಸುವ ಗಂಟೆಗಳಲ್ಲಿ ಒಂದನ್ನೂ ಯಾರೂ ಬಿಟ್ಟುಕೊಡುವುದಿಲ್ಲ. ಇನ್ನು ಟಯರಿನ ಕಥೆ. 1980ರ ಮೊಂಡಿಯಲ್ 8 ಕಾರಿಗೆ ಮಿಶೆಲಿನ್ ಟಿಆರ್‌ಎಕ್ಸ್ ಎಂಬ ವ್ಯವಸ್ಥೆಯ ಚಕ್ರ ಕೊಟ್ಟಿದ್ದರು. ಜಗತ್ತೆಲ್ಲ ಇಂಚಿನಲ್ಲಿ ಅಳೆಯುವ ರಿಮ್ಮನ್ನು ಇಲ್ಲಿ 390 ಮಿಲಿಮೀಟರು ಎಂದು ಅಳೆದರು. ಆ ಅಳತೆಗೆ ಪೇಟೆಯ ಮಾಮೂಲಿ ಟಯರು ಕೂರುವುದೇ ಇಲ್ಲ. ಅದೇ ಬೇಕೆಂದರೆ ಹಳೆಯ ಕಾರುಗಳಿಗೆಂದು ಸಣ್ಣ ಪ್ರಮಾಣದಲ್ಲಿ ತಯಾರಾಗುವುದನ್ನು ಕೊಳ್ಳಬೇಕು, ಇಲ್ಲವೇ ನಾಲ್ಕೂ ರಿಮ್ಮು ಬದಲಿಸಿ ಕಾರಿನ ಮೂಲರೂಪವನ್ನು ಕೆಡಿಸಿಕೊಳ್ಳಬೇಕು. ಫೆರಾರಿಗಳ ಪೈಕಿ ತೀರಾ ಅಗ್ಗದ ಸಾಲಿನಲ್ಲಿ ನಿಂತಿರುವುದೂ ಈ ಮೊಂಡಿಯಲ್ಲೇ ಎಂಬುದನ್ನು ಗಮನಿಸಿ.

ಇದನ್ನು ಒಪ್ಪಿದರೆ ಮುಂದಿನ ಹೆಜ್ಜೆ ತಾನಾಗಿಯೇ ಬರುತ್ತದೆ. ಒಂದೇ ಮಾದರಿಯಲ್ಲಿ ಕೆಟ್ಟು ನಿಂತ ಕಾರಿಗೂ ಚೆನ್ನಾಗಿ ಓಡುವ ಕಾರಿಗೂ ನಡುವೆ ಇರುವ ಬೆಲೆಯ ಅಂತರ, ಒಂದನ್ನು ಇನ್ನೊಂದನ್ನಾಗಿ ಮಾಡುವ ಖರ್ಚಿಗಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ: ಒಳ್ಳೆಯ ಕಾರಿಗೆ 60,000 ಯೂರೊ, ಹತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತದ್ದಕ್ಕೆ 30,000. ತುಕ್ಕು ಕತ್ತರಿಸಿ ತಗಡು ಬೆಸೆದು ಬಣ್ಣ ಹೊಡೆಯುವುದಕ್ಕೆ, ಎಂಜಿನ್ನಿಗೆ, ಬ್ರೇಕಿಗೆ, ವೈರಿಂಗಿಗೆ ಎಲ್ಲ ಸೇರಿ 400 ಗಂಟೆ. ಗಂಟೆಗೆ 90 ಯೂರೊ. ಕೂಲಿಯೇ 36,000 ಆಯಿತು. ಒಂದು ಬೋಲ್ಟನ್ನೂ ಇನ್ನೂ ಕೊಂಡಿಲ್ಲ, ಅಷ್ಟರಲ್ಲಿ ಉಳಿತಾಯವೆಂದು ನಂಬಿದ್ದ 30,000 ಮುಗಿದು ಮೇಲೆ 6,000 ಹೋಗಿದೆ. ಇಲ್ಲಿ ತಗಡು ಎಂಬ ಮಾತಿಗೆ ವಿಶೇಷ ಮಹತ್ವವಿದೆ. 1977ರ ಹೊತ್ತಿಗೆ ಜಿಟಿಬಿಯ ಮೈ ಫೈಬರ್‌ಗ್ಲಾಸ್‌ನಿಂದ ಉಕ್ಕಿಗೆ ಬದಲಾಯಿತು. ಆ ಕಾಲದ ಇಟಲಿಯ ಉಕ್ಕಿಗೂ ನೀರಿಗೂ ಇದ್ದ ಸ್ನೇಹ ಜಗಜ್ಜಾಹೀರು. ಎಂಜಿನ್ ಕೆಟ್ಟರೆ ಕೆಟ್ಟದ್ದೇನೆಂದು ತಿಳಿಯುತ್ತದೆ. ತುಕ್ಕು ಹಾಗಲ್ಲ, ಬಣ್ಣ ಕೆರೆದ ಮೇಲಷ್ಟೇ ಅದರ ವಿಸ್ತಾರ ಗೊತ್ತಾಗುವುದು, ಅಷ್ಟು ಹೊತ್ತಿಗೆ ಹಿಂದಿರುಗುವ ದಾರಿ ಇರುವುದಿಲ್ಲ. ಆದ್ದರಿಂದ ಜೀರ್ಣೋದ್ಧಾರದ ಮೇಲೆ ಹಣ ಸುರಿದು, ರಸೀದಿಗಳನ್ನೆಲ್ಲ ಜೋಡಿಸಿಟ್ಟು, ಈಗ ಮಾರಲು ಹೊರಟಿರುವ ಮಾಲೀಕನೇ ಕೊಳ್ಳುವವನ ನಿಜವಾದ ಹಿತೈಷಿ. ಅವನು ಕಳೆದುಕೊಂಡದ್ದನ್ನು ನೀವು ಅರ್ಧ ಬೆಲೆಗೆ ಪಡೆಯುತ್ತೀರಿ. ಕ್ರೂರವಾಗಿ ಕೇಳಿಸಬಹುದು, ಆದರೆ ಈ ಪೇಟೆಯಲ್ಲಿ ಅಗ್ಗ ಎಂಬುದು ಇದ್ದರೆ ಅದು ಇಲ್ಲಿದೆ.

ಇದಕ್ಕೆ ಮೊದಲು ಏಳುವ ಆಕ್ಷೇಪ ನನಗೆ ಗೊತ್ತು: ಬೆಲೆ ಏರುತ್ತದಲ್ಲ, ಖರ್ಚೆಲ್ಲ ಅದರಲ್ಲಿ ಬಂದುಬಿಡುತ್ತದೆ. ಹೀಗೆ ಹೇಳುವವರ ಬಾಯಲ್ಲಿ ತಪ್ಪದೆ ಬರುವ ಹೆಸರು 250 ಜಿಟಿಒ. 1962ರಿಂದ 1964ರ ನಡುವೆ ತಯಾರಾದದ್ದು 36. ಅವುಗಳಲ್ಲಿ ಒಂದು 2018ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆಯ ಹರಾಜಿನಲ್ಲಿ 4.84 ಕೋಟಿ ಡಾಲರಿಗೆ ಹೋಯಿತು. 36 ಕಾರುಗಳ ಕಥೆಯಿಂದ ಸಾವಿರಾರು ಸಂಖ್ಯೆಯಲ್ಲಿ ತಯಾರಾದ 308ರ ಭವಿಷ್ಯ ಹೇಳುವುದೆಂದರೆ, ಕೊಹಿನೂರಿನ ಬೆಲೆ ನೋಡಿ ಮೂಗುಬೊಟ್ಟಿಗೆ ಸಾಲ ಮಾಡಿದಂತೆ. ಆ ಶಿಖರದಲ್ಲೂ ಗಾಳಿ ಒಂದೇ ದಿಕ್ಕಿಗೆ ಬೀಸುವುದಿಲ್ಲ. 2023ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಂದು ಜಿಟಿಒ 5.17 ಕೋಟಿ ಡಾಲರಿಗೆ ಮಾರಾಟವಾದಾಗ ಹರಾಜಿನವರು ಎದುರು ನೋಡುತ್ತಿದ್ದದ್ದು 6 ಕೋಟಿಗೂ ಹೆಚ್ಚು. ಕೆಳಗಿನ ಸಾಲಿನ ಕಾರುಗಳ ಪಾಡು ಇನ್ನೂ ಸ್ಪಷ್ಟ. 1988ರ ಆಗಸ್ಟಿನಲ್ಲಿ ಎಂಜೊ ಫೆರಾರಿ ತೀರಿಕೊಂಡ ಮೇಲೆ ಬೆಲೆಗಳು ಹುಚ್ಚೆದ್ದು ಏರಿದವು. ತೊಂಬತ್ತರ ದಶಕ ಶುರುವಾಗುತ್ತಿದ್ದಂತೆ ಅಷ್ಟೇ ವೇಗದಲ್ಲಿ ಕುಸಿದವು. ಮೇಲಿನ ಬೆಲೆಗೆ ಸಾಲ ಮಾಡಿ ಕೊಂಡವರು ವರ್ಷಗಟ್ಟಲೆ ಕಾದರು.

ಬೆಲೆ ಏರಿದರೂ ಕೈಗೆ ಎಷ್ಟು ಬರುತ್ತದೆ ನೋಡೋಣ. ಅದೇ 60,000 ಯೂರೊ ಕಾರು ಹತ್ತು ವರ್ಷದಲ್ಲಿ ಇಮ್ಮಡಿಯಾಗಿ 1,20,000 ಆಯಿತು ಎನ್ನಿ. ಕೇಳಲು ವರ್ಷಕ್ಕೆ ಶೇ 7ರ ಚಕ್ರಬಡ್ಡಿ. ವಿಮೆ, ನಿಲ್ಲಿಸುವ ಜಾಗ, ಬೆಲ್ಟು, ಎಣ್ಣೆ, ಟಯರು ಎಲ್ಲ ಸೇರಿ ವರ್ಷಕ್ಕೆ ಬರೀ 3,000 ಹಿಡಿಯಿರಿ, ಅದೂ ಉದಾರವಾಗಿ. ಮಾರುವಾಗ ಕಮಿಷನ್ನು ಶೇ 10. ಕೈಗೆ ಬಂದದ್ದು 1,08,000. ಹಾಕಿದ್ದು 60,000, ಮೇಲೆ ವರ್ಷವರ್ಷವೂ ಕೊಟ್ಟ 30,000. ನಿಜವಾದ ಗಳಿಕೆ ವರ್ಷಕ್ಕೆ ಶೇ 2ರ ಆಸುಪಾಸು. ಇದು ಬೆಲೆ ಇಮ್ಮಡಿಯಾದ ಅದೃಷ್ಟವಂತನ ಲೆಕ್ಕ, ಮಧ್ಯದಲ್ಲಿ ಒಂದು ಸಲವೂ ಎಂಜಿನ್ ಬಿಚ್ಚದವನ ಲೆಕ್ಕ. ತೆರಿಗೆಯ ಅನುಕೂಲವಿದೆ ಎಂದು ಯಾರಾದರೂ ನೆನಪಿಸಬಹುದು. ಬ್ರಿಟನ್ನಿನಲ್ಲಿ ಖಾಸಗಿ ಕಾರು ಮಾರಿದ ಲಾಭಕ್ಕೆ ಬಂಡವಾಳ ಗಳಿಕೆ ತೆರಿಗೆ ಇಲ್ಲ. ಭಾರತದಲ್ಲೂ ಸ್ವಂತ ಬಳಕೆಯ ಕಾರು ಬಂಡವಾಳ ಆಸ್ತಿಯ ಪಟ್ಟಿಗೆ ಸೇರುವುದಿಲ್ಲ. ನಿಜ. ಆದರೆ ಅದೇ ಕಾರಣಕ್ಕೆ ನಷ್ಟವನ್ನೂ ಎಲ್ಲಿಯೂ ತೋರಿಸಿ ಕಳೆಯುವ ಹಾಗಿಲ್ಲ. ನಷ್ಟವೇ ಹೆಚ್ಚು ಸಂಭವವಿರುವಲ್ಲಿ ಇದು ಲಾಭದ ಚೌಕಾಶಿಯಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕೆಲಸ ನಾನೇ ಮಾಡಿಕೊಂಡರೆ? ಗಂಟೆಗಳೇ ಖರ್ಚು ಎಂದ ಮೇಲೆ ಸ್ವಂತ ಗಂಟೆ ಹಾಕುವವನಿಗೆ ಲೆಕ್ಕ ತಿರುಗಬೇಕಲ್ಲವೇ? ತಿರುಗುತ್ತದೆ, ಆದರೆ ಎಲ್ಲ ಕಾರಿನಲ್ಲೂ ಅಲ್ಲ. ನಾಲ್ಕು ವೆಬರ್‌ಗಳನ್ನು ಒಂದೇ ಉಸಿರಿಗೆ ಹೊಂದಿಸುವುದನ್ನು ತಾಳ್ಮೆಯಿದ್ದರೆ ಕಲಿಯಬಹುದು. ಬೆಲ್ಟು ತಪ್ಪಾಗಿ ಒಂದು ಹಲ್ಲು ಸರಿದರೆ ಬೀಳುವ ದಂಡ ಮಾತ್ರ ಕಲಿಕೆಯ ಶುಲ್ಕಕ್ಕೆ ಮೀರಿದ್ದು. ಮೇಲಾಗಿ ಫೆರಾರಿ ಕೊಳ್ಳುವವರು ಮನೆಯಲ್ಲಿ ಮಾಡಿದ ಕೆಲಸಕ್ಕೆ ಬೆಲೆ ಕಟ್ಟುವುದಿಲ್ಲ, ಹೆಸರಾಂತ ಗ್ಯಾರೇಜಿನ ರಸೀದಿ ಕೇಳುತ್ತಾರೆ. ಸ್ವಂತ ಕೈಯ ಲೆಕ್ಕ ಕೂಡಿಬರುವುದು ಆಲ್ಫಾ ರೋಮಿಯೊ ಸ್ಪೈಡರಿನಂಥ ಕಾರಿನಲ್ಲಿ. 1966ರಿಂದ 1993ರವರೆಗೆ ಮೈಯ ಗೆರೆ ಅಲ್ಲಲ್ಲಿ ಬದಲಾದರೂ ಒಳಗಿನ ಅಡಿಪಾಯ ಹೆಚ್ಚು ಬದಲಾಗದೆ ತಯಾರಾದ ಕಾರದು. ನಾಲ್ಕೇ ಸಿಲಿಂಡರ್, ಎಂಜಿನ್ ಮುಂದೆ, ಬಾನೆಟ್ ಎತ್ತಿದರೆ ಕೈ ಹೋಗುತ್ತದೆ. ಕ್ಯಾಮ್ ತಿರುಗಿಸಲು ರಬ್ಬರಿಲ್ಲ, ಚೈನಿದೆ. ಲಕ್ಷಕ್ಕೂ ಮೀರಿ ತಯಾರಾದ್ದರಿಂದ ಬಿಡಿಭಾಗ ಈಗಲೂ ಹೊಸದಾಗಿ ಸಿಗುತ್ತದೆ. ಈ ತರ್ಕ ಬೆಂಗಳೂರಿಗರಿಗೆ ಹೊಸದಲ್ಲ. ಪ್ರೀಮಿಯರ್ ಪದ್ಮಿನಿಯೂ ಹುಟ್ಟಿನಲ್ಲಿ ಇಟಲಿಯದೇ, ಫಿಯಟ್ 1100ರ ಕುಡಿ. ಅದರ ಮಾಲೀಕರನ್ನು ಜೆ.ಸಿ. ರಸ್ತೆಯ ಅಂಗಡಿಗಳು ದಶಕಗಟ್ಟಲೆ ಸಲಹಿದ್ದು ಕಾರಿನ ಅಂದಕ್ಕಲ್ಲ, ಸಂಖ್ಯೆಗೆ.

ಹೊಸ ಕಾರೂ ಶೋರೂಮಿನಿಂದ ಇಳಿದ ದಿನವೇ ಬೆಲೆ ಕಳೆದುಕೊಳ್ಳುತ್ತದಲ್ಲ ಎಂಬ ಮಾತಿಗೆ ನನ್ನ ತಕರಾರಿಲ್ಲ. ಆದರೆ ಹೊಸ ಕಾರು ಪ್ರತಿದಿನ ಕಚೇರಿಗೆ ಕರೆದೊಯ್ದು ಆ ಹಣ ತೀರಿಸುತ್ತದೆ. ಹಳೆಯದರ ಕೆಲಸ ಭಾನುವಾರದ್ದು. ಭಾರತದಲ್ಲಂತೂ ಇದು ಕಾನೂನೇ: 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರನ್ನು 20,000 ರೂಪಾಯಿ ಶುಲ್ಕ ಕಟ್ಟಿ ವಿಂಟೇಜ್ ಎಂದು ನೋಂದಾಯಿಸಿದರೆ ‘ವಿಎ’ ಅಕ್ಷರಗಳ ಫಲಕ ಸಿಗುತ್ತದೆ, ಪ್ರದರ್ಶನಕ್ಕೆ ರ‍್ಯಾಲಿಗೆ ಒಯ್ಯಬಹುದು, ದಿನಬಳಕೆಗೆ ಓಡಿಸುವಂತಿಲ್ಲ. ಸಂತೋಷಕ್ಕೆ ಬೆಲೆಯಿಲ್ಲವೇ ಎಂದರೆ ಖಂಡಿತ ಇದೆ. ಅದನ್ನು ಹೂಡಿಕೆಯ ಖಾತೆಯಲ್ಲಿ ಬರೆಯದೆ ಪ್ರವಾಸ, ಸಂಗೀತ, ಮದುವೆ ಊಟದ ಖಾತೆಯಲ್ಲಿ ಬರೆದರೆ ನನ್ನ ಆಕ್ಷೇಪ ಅಲ್ಲಿಗೆ ಮುಗಿಯಿತು.

ಹಾಗೆ ಬರೆದುಕೊಂಡೂ ಕೊಳ್ಳಲು ಹೊರಟವರು ಕಾರಿನ ಬೆಲೆಯ ಮೂರನೇ ಒಂದು ಭಾಗವನ್ನು ಮುಟ್ಟದೆ ಬೇರೆ ಇಡಬೇಕು. ಅಷ್ಟು ಉಳಿಯದಿದ್ದರೆ ಒಂದು ಮೆಟ್ಟಿಲು ಕೆಳಗಿನ ಕಾರು ನೋಡಬೇಕು, ಅದೇ ಮಾದರಿಯ ಕೆಟ್ಟ ಕಾರನ್ನಲ್ಲ. ಮಾರುವವನಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ಕಿಗೆ ದುಡ್ಡು ಕೊಟ್ಟು ಒಂದೊಂದು ಸಿಲಿಂಡರಿಗೂ ಗಾಳಿ ತುಂಬಿ ಸೋರಿಕೆ ಅಳೆಯಿಸಬೇಕು, ಕಾರನ್ನು ಎತ್ತಿಸಿ ಅಡಿಯ ಕೊಳವೆ ಚಾಸಿಯನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿಸಿ ನೋಡಬೇಕು. ಮೀಟರಿನಲ್ಲಿ ಎಷ್ಟು ಕಿಲೋಮೀಟರು ಇದೆ ಎಂದು ಕೇಳುವ ಮುಂಚೆ ಬೆಲ್ಟು ಬದಲಿಸಿದ ರಸೀದಿಯ ತಾರೀಖು ಕೇಳಿ. ‘ಓಡಿಸಿಯೇ ಇಲ್ಲ, ಬದಲಿಸುವ ಪ್ರಮೇಯ ಬರಲಿಲ್ಲ’ ಎಂಬ ಉತ್ತರ ಬಂದರೆ ಆ ಖರ್ಚನ್ನು ಪೂರ್ತಿ ಕಳೆದು ಬೆಲೆ ಹೇಳಿ. ಅಷ್ಟಕ್ಕೆ ಒಪ್ಪದಿದ್ದರೆ ಕೀಲಿ ಅವನ ಕೈಯಲ್ಲೇ ಇರಲಿ.