ನೋಡುವ ಕೂಲಿ

ತಿಪಟೂರಿನ ಸೀಮೆಯಲ್ಲಿ ನಾಲ್ಕಾರು ಎಕರೆ ತೆಂಗಿನ ತೋಟವನ್ನು ನಂಬಿ ಬಾಳುವ ನನ್ನಂಥವರ ಅಂಗಳದಲ್ಲಿ ಹಳೆಯ ಟಾಟಾ 407 ಒಂದು ನಿಂತಿರುವುದು ಅಪರೂಪದ ಸಂಗತಿಯೇನೂ ಅಲ್ಲ. 1986ರಲ್ಲಿ ಮಾರುಕಟ್ಟೆಗೆ ಬಂದಂದಿನಿಂದ ಈ ಪುಟ್ಟ ಲಾರಿಯು, ದೊಡ್ಡ ಲಾರಿಗಳು ಹೊಗಲಾರದ ತೋಟದ ಓಣಿಗಳಲ್ಲಿ ಹೊಕ್ಕು, ಕಾಯಿಯನ್ನೂ ಮಟ್ಟೆಯನ್ನೂ ಗೊಬ್ಬರವನ್ನೂ, ಸಂದರ್ಭ ಒದಗಿದಾಗ ಮದುವೆಯ ದಿಬ್ಬಣವನ್ನೂ ಹೊತ್ತು, ನಮ್ಮ ಕಡೆಯ ಗೃಹಕೃತ್ಯದಲ್ಲಿ ಒಂದು ಸ್ಥಾನವನ್ನು ಸಂಪಾದಿಸಿಕೊಂಡಿದೆ. ಅದನ್ನು ಇಟ್ಟುಕೊಳ್ಳುವುದು ಲಾಭವೋ ನಷ್ಟವೋ ಎಂದು ಕೇಳುವವರಿಗೆ, ಅದು ರಿಪೇರಿಯ ಕಾಲದಲ್ಲಿ ನಿಮಗೆ ದೊರೆಯುವ ನೆರವು ಎಂಥದು ಎಂಬುದನ್ನು ಅವಲಂಬಿಸಿದೆಯೆಂದು ನಾನು ಉತ್ತರ ಹೇಳುವುದುಂಟು.

ಮೊದಲು ಲೆಕ್ಕವನ್ನು ನೋಡೋಣ. ಇಂಥದೇ ಹೊಸ ವಾಹನಕ್ಕೆ ಹೊರಟರೆ ಬೆಲೆ ಹತ್ತು ಲಕ್ಷವನ್ನು ಮುಟ್ಟುತ್ತದೆ. ಕೈಯಿಂದ ಎರಡು ಲಕ್ಷ ಹಾಕಿ ಉಳಿದ 8 ಲಕ್ಷವನ್ನು ಶೇಕಡ 10ರ ಬಡ್ಡಿಗೆ 5 ವರ್ಷದ ಅವಧಿಗೆ ಸಾಲವಾಗಿ ತೆಗೆದರೆ ತಿಂಗಳ ಕಂತು ಸುಮಾರು 17,000 ರೂಪಾಯಿ. ಕೊಬ್ಬರಿಯ ಧಾರಣೆ ಏರಲಿ ಇಳಿಯಲಿ, ಕಂತು ಮಾತ್ರ ತಪ್ಪದು. ಹಳೆಯದಕ್ಕೆ ಕಂತಿಲ್ಲ, ಆದರೆ ಎಂಟು ವರ್ಷ ಮೀರಿದ ಸಾರಿಗೆ ವಾಹನವನ್ನು ವರ್ಷಕ್ಕೊಮ್ಮೆ ಎಫ್.ಸಿ.ಗೆ, ಅಂದರೆ ಅರ್ಹತಾ ಪತ್ರದ ತಪಾಸಣೆಗೆ, ಒಯ್ಯಬೇಕು. ಹದಿನೈದು ವರ್ಷ ದಾಟಿದ ಭಾರೀ ಲಾರಿಗಳಿಗೆ ಆ ಶುಲ್ಕವೇ 2022ರ ಏಪ್ರಿಲ್‌ನಿಂದ 12,500 ರೂಪಾಯಿಗೆ ಏರಿತು; ನಮ್ಮದು ಸಣ್ಣ ವಾಹನವಾದುದರಿಂದ ಆಗ ಅಷ್ಟು ತೆರಬೇಕಾಗಲಿಲ್ಲವಾದರೂ ಹೊರೆ ಹೊರೆಯೇ. ಆದುದರಿಂದ ನಾನು ತಿಂಗಳಿಗೆ 6,000 ರೂಪಾಯಿಯನ್ನು ಪ್ರತ್ಯೇಕ ಖಾತೆಯೊಂದಕ್ಕೆ ಹಾಕುತ್ತ ಬಂದಿದ್ದೇನೆ. ಮನೆಯವರು ಅದನ್ನು ಲಾರಿಯ ಸಂಬಳವೆಂದು ಕರೆಯುತ್ತಾರೆ. ಎಫ್.ಸಿ., ವಿಮೆ, ಟೈರು, ರಿಪೇರಿ ಎಲ್ಲವೂ ಆ ಸಂಬಳದೊಳಗೇ ಮುಗಿಯತಕ್ಕದ್ದು.

ಮುಗಿಯುವಂತೆ ಮಾಡುವ ಉಪಾಯವೆಂದರೆ ಕೈಯಿಂದ ಆಗುವ ಕೆಲಸಗಳನ್ನು ತಾನೇ ಮಾಡಿಕೊಳ್ಳುವುದು ಎಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಇಂಜಿನ್ ಆಯಿಲ್ ಬದಲಿಸುವುದು, ಡೀಸೆಲ್ ಫಿಲ್ಟರನ್ನು ಹೊಸದು ಮಾಡಿ ಗಾಳಿ ತೆಗೆಯುವುದು, ಫ್ಯಾನ್ ಬೆಲ್ಟ್ ಬಿಗಿಯುವುದು, ಗ್ರೀಸ್ ಹೊಡೆಯುವುದು, ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ ಬಿಳಿಯ ಹಿಟ್ಟನ್ನು ಬಿಸಿನೀರಿನಿಂದ ತೊಳೆಯುವುದು, ಇವೆಲ್ಲವೂ ವ್ಯವಧಾನವಿದ್ದ ಯಾರಿಗಾದರೂ ಸಾಧ್ಯ. ನಾನೂ ಮಾಡುತ್ತೇನೆ, ಮಾಡುವುದರಲ್ಲಿ ಒಂದು ಬಗೆಯ ಸಂತೋಷವೂ ಉಂಟು. ಆದರೆ ಇವುಗಳಿಂದ ಉಳಿಯುವುದು ಗ್ಯಾರೇಜಿನ ಮಜೂರಿ ಮಾತ್ರ, ಅದು ನೂರರ ಲೆಕ್ಕದ ಹಣ. ಸಾವಿರಗಳು ಸೋರಿಹೋಗುವ ಸ್ಥಳವೇ ಬೇರೆ: ಕೆಟ್ಟಿರುವುದು ಯಾವುದು ಎಂದು ತಿಳಿಯದೆ, ಕೆಡದಿದ್ದುದನ್ನೆಲ್ಲ ಬದಲಿಸುತ್ತ ಹೋಗುವಲ್ಲಿ ಅವು ಸೋರಿಹೋಗುತ್ತವೆ.

ಇದಕ್ಕೆ ನಮ್ಮ ಊರುಗಳ ಒಂದು ರೂಢಿಯೇ ಕಾರಣವೆಂದು ನನಗೆ ತೋರುತ್ತದೆ. ಪಾನಾ ತಿರುಗಿಸಿದವನಿಗೆ ನಾವು ಚೌಕಾಶಿ ಮಾಡಿಯಾದರೂ ಹಣ ಕೊಡುತ್ತೇವೆ. ನೋಡಿ ಹೇಳಿದವನಿಗೆ ಒಂದು ಲೋಟ ಕಾಫಿ ಕೊಟ್ಟು ಕೈಮುಗಿಯುತ್ತೇವೆ. ನೋಟಕ್ಕೆ ಕೂಲಿ ಇಲ್ಲದಿರುವಾಗ ನೋಡುವವನು ತನ್ನ ಕೂಲಿಯನ್ನು ಬೇರೆಲ್ಲಿಂದಲೋ ಹುಟ್ಟಿಸಿಕೊಳ್ಳಬೇಕಾಗುತ್ತದಷ್ಟೆ. ಬಿಡಿಭಾಗದ ಅಂಗಡಿಯಿಂದ ಮೆಕ್ಯಾನಿಕ್ಕಿಗೆ ಕಮಿಷನ್ ಸಲ್ಲುವುದು ಎಲ್ಲರೂ ಬಲ್ಲ ಗುಟ್ಟು. ಅವನನ್ನು ನಾನು ದೂರುವುದಿಲ್ಲ. ಕಣ್ಣಿಗೆ ಬೆಲೆ ಕಟ್ಟದ ಗಿರಾಕಿಗೆ ಸಾಮಾನಿನ ಪಟ್ಟಿ ಉದ್ದವಾಗುವುದು ನ್ಯಾಯವಲ್ಲದಿದ್ದರೂ ಸಹಜ.

ನಮ್ಮ ಲಾರಿ ಒಂದು ಚಳಿಗಾಲದಲ್ಲಿ ಬೆಳಗಿನ ಹೊತ್ತು ಬಿಳಿಯ ಹೊಗೆಯುಗುಳುತ್ತ, ಏರು ಬಂದಲ್ಲಿ ಉಸಿರುಗಟ್ಟಿದಂತಾಗಿ, ನಿಂತಲ್ಲಿ ಗಡಗಡನೆ ನಡುಗತೊಡಗಿತು. ಮಿಸ್ಸಿಂಗ್, ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಎಂದು ಎಲ್ಲರೂ ಹೇಳಿದರು. ಅಷ್ಟು ಕಿವಿ ನನಗೂ ಇತ್ತು. ಹೆದ್ದಾರಿಯ ಬದಿಯ ಗ್ಯಾರೇಜೊಂದರಲ್ಲಿ ಬಾನೆಟ್ಟನ್ನು ಎತ್ತಿ ಇಳಿಸಿ, ಇಂಜಿನ್ ಬಿಚ್ಚಿ ಬೋರ್ ಮಾಡಿಸಬೇಕೆಂದೂ ಅರವತ್ತು ಸಾವಿರದೊಳಗೆ ಮುಗಿಸಿಕೊಡುವುದಾಗಿಯೂ ಹೇಳಿದರು. ಆಗ ನಾನು ಮೊರೆಹೊಕ್ಕದ್ದು ಕೆ.ಎಸ್.ಆರ್.ಟಿ.ಸಿ. ಡಿಪೋದಲ್ಲಿ ಆಯುಷ್ಯವನ್ನು ಸವೆಸಿ ನಿವೃತ್ತರಾಗಿದ್ದ ಹಿರಿಯ ಮೇಸ್ತ್ರಿಗಳೊಬ್ಬರನ್ನು. ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡುದನ್ನು ಕಿವಿಗೆ ಹಾಕಿಕೊಳ್ಳದೆ, ಡೀಸೆಲ್ ಪಂಪೆಂದರೆ ಮೈಕೋ ಎಂದೇ ಇಂದಿಗೂ ಹೇಳುವ ತಲೆಮಾರಿನವರು ಅವರು.

ಬಂದವರು ಇಂಜಿನನ್ನು ನಿಧಾನಗತಿಯಲ್ಲಿ ಓಡಿಸಹೇಳಿ, ಪಂಪಿನಿಂದ ನಾಲ್ಕು ಸಿಲಿಂಡರುಗಳಿಗೂ ಹೋಗುವ ಉಕ್ಕಿನ ಪೈಪುಗಳ ನಟ್ಟನ್ನು ಒಂದೊಂದಾಗಿ ಅರ್ಧ ಸುತ್ತು ಸಡಿಲಿಸತೊಡಗಿದರು. ಮೊದಲನೆಯದನ್ನು ಸಡಿಲಿಸಿದಾಗ ಡೀಸೆಲ್ ಚಿಮ್ಮಿ ಇಂಜಿನ್ ತಡವರಿಸಿತು, ಬಿಗಿದಾಗ ಸ್ವರ ಮೊದಲಿನಂತಾಯಿತು. ಎರಡನೆಯದಕ್ಕೂ ಹಾಗೆಯೇ. ಮೂರನೆಯದನ್ನು ಸಡಿಲಿಸಿದರೆ ಸ್ವರದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ನಾಲ್ಕನೆಯದಕ್ಕೆ ಮತ್ತೆ ತಡವರಿಕೆ. ಮೇಸ್ತ್ರಿಗಳು ಕೈಯನ್ನು ಚಿಂದಿಗೆ ಒರೆಸಿಕೊಳ್ಳುತ್ತ, "ಮೂರನೇವ್ನು ಪಂಕ್ತೀಲಿ ಸುಮ್ನೆ ಕೂತವ್ನೆ ಸ್ವಾಮಿ, ಉಣ್ತಿಲ್ಲ" ಎಂದರು. ಉಣ್ಣದಿರುವುದಕ್ಕೆ ಬಡಿಸುವ ನಾಝಲ್ ಕಾರಣವೋ ಸಿಲಿಂಡರಿನೊಳಗಿನ ಸವೆತ ಕಾರಣವೋ ಎಂಬುದನ್ನು ನಿರ್ಧರಿಸಲು, ಎರಡನೆಯ ಮತ್ತು ಮೂರನೆಯ ನಾಝಲ್‌ಗಳನ್ನು ಪರಸ್ಪರ ಬದಲಿಸಿ ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕೆಂದು ವಿಧಿಸಿ, ಅವರು ನೆರಳಿನಲ್ಲಿ ಕುಳಿತರು. ಬಿಚ್ಚುವುದು, ಕಸ ಬೀಳದಂತೆ ರಂಧ್ರಗಳಿಗೆ ಬಟ್ಟೆ ತುರುಕುವುದು, ತಾಮ್ರದ ಹೊಸ ವಾಷರ್ ಹಾಕಿ ಕೂರಿಸುವುದು ನನ್ನ ಪಾಲಿನ ಕೆಲಸವಾಯಿತು. ನಾಝಲ್ಲಿನ ಜೊತೆಗೆ ದೋಷವೂ ಎರಡನೆಯ ಸಿಲಿಂಡರಿಗೆ ಬಂದಿತು. ಇಂಜಿನ್ ಗಟ್ಟಿಯಾಗಿತ್ತು.

ಪಂಪ್ ರಿಪೇರಿಯ ಅಂಗಡಿಯಲ್ಲಿ ಆ ನಾಝಲನ್ನು ಒತ್ತಡದ ಯಂತ್ರಕ್ಕೆ ಸಿಕ್ಕಿಸಿ ನೋಡಿದಾಗ, ಮಂಜಾಗಿ ಹೊಮ್ಮಬೇಕಾದ ಡೀಸೆಲ್ ತೊಟ್ಟುತೊಟ್ಟಾಗಿ ಸುರಿಯಿತು. ಹೊಸ ನಾಝಲ್, ವಾಷರುಗಳು, ಪರೀಕ್ಷೆಯ ಶುಲ್ಕ ಎಲ್ಲ ಸೇರಿ 1,800 ರೂಪಾಯಿ. ಮೇಸ್ತ್ರಿಗಳಿಗೆ ನಾನು ಕೊಟ್ಟದ್ದು 1,000. "ನೋಡಿದ್ದಕ್ಕೆಲ್ಲ ದುಡ್ಡಾ ಸ್ವಾಮಿ?" ಎಂದು ಅವರು ಸಂಕೋಚಪಟ್ಟರು, ನಾನು ಬಿಡಲಿಲ್ಲ. ಇದರಲ್ಲಿ ಔದಾರ್ಯಕ್ಕಿಂತ ಹೆಚ್ಚಾಗಿ ಸ್ವಾರ್ಥವೇ ಇತ್ತೆಂದು ಹೇಳಬೇಕು. ದಾಕ್ಷಿಣ್ಯದಿಂದ ಒಮ್ಮೆ ಬಂದವರನ್ನು ಎರಡನೆಯ ಸಲ ಕರೆಯಲು ನಮ್ಮ ನಾಲಿಗೆಯೇ ಏಳುವುದಿಲ್ಲ. ಹಣ ಪಡೆದು ಬಂದವರನ್ನು ಇರುಳಿನಲ್ಲಿಯೂ ಫೋನಿನಲ್ಲಿ ಮಾತನಾಡಿಸಬಹುದು. ಅಂದಿನಿಂದ ನಮ್ಮಿಬ್ಬರಿಗೂ ಒಂದು ಕರಾರು: ಬಂದು ನೋಡಿದರೆ 500, ಕುಳಿತು ಕೆಲಸ ಮಾಡಿಸಿದರೆ 1,000, ಅಂಗಡಿಗೆ ಹೋಗುವವನು ನಾನೇ, ಹಳೆಯ ಸಾಮಾನನ್ನು ಕೈಯಲ್ಲಿ ಹಿಡಿದುಕೊಂಡೇ. ತಿಪಟೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಇದ್ದೇ ಇವೆ.

ಬ್ರೇಕು, ಸ್ಟೀರಿಂಗು, ಡೀಸೆಲ್ ಪಂಪಿನ ಒಳಭಾಗ, ಇವನ್ನು ಮಾತ್ರ ನಾನು ಮುಟ್ಟುವುದಿಲ್ಲ. ಅಲ್ಲಿ ಉಳಿಸಿದ ಮಜೂರಿಯನ್ನು ಆಸ್ಪತ್ರೆಗೆ ಕಟ್ಟಬೇಕಾದೀತು. ಜಾಕನ್ನು ನಂಬಿ ಲಾರಿಯ ಕೆಳಗೆ ಮಲಗುವುದೂ ಸಲ್ಲದು. ಅಚ್ಚಿನ ಕೆಳಗೆ ಮರದ ದಿಮ್ಮಿಗಳನ್ನು ಪೇರಿಸಿದ ಮೇಲೆಯೇ ಒಳಗೆ ಹೋಗತಕ್ಕದ್ದು. ಮೇಲೆ ಹೇಳಿದ ಪೈಪು ಸಡಿಲಿಸುವ ಪರೀಕ್ಷೆಯಾದರೂ ಹಳೆಯ ಯಾಂತ್ರಿಕ ಪಂಪಿನ ಇಂಜಿನಿಗೆ ಮಾತ್ರ ಸಲ್ಲುವಂಥದು, ಅಲ್ಲಿಯೂ ಮುಖವನ್ನು ದೂರವಿರಿಸಿಕೊಂಡು, ಅನುಭವಸ್ಥರು ಪಕ್ಕದಲ್ಲಿದ್ದಾಗ. ಈಚಿನ ಕಾಮನ್ ರೈಲ್ ಇಂಜಿನುಗಳಲ್ಲಿ ಒತ್ತಡವು ಸಾವಿರ ಬಾರನ್ನು ಮೀರುವುದರಿಂದ, ಚಿಮ್ಮಿದ ಡೀಸೆಲ್ ಚರ್ಮವನ್ನು ಭೇದಿಸಿ ಒಳಹೊಗುತ್ತದೆ. 2020ರ ಏಪ್ರಿಲ್‌ನಲ್ಲಿ ಹೊಗೆ ನಿಯಂತ್ರಣದ ಬಿ.ಎಸ್. 6 ನಿಯಮ ಜಾರಿಗೆ ಬಂದ ನಂತರದ ವಾಹನಗಳ ರೋಗವನ್ನು ಹೇಳುವುದು ಹೆಚ್ಚಾಗಿ ಕಂಪ್ಯೂಟರೇ; ಅದರ ನೋಟಕ್ಕೆ ಸ್ಕ್ಯಾನಿಂಗ್ ಎಂಬ ಹೆಸರಿನಲ್ಲಿ ಜನ ತಕರಾರಿಲ್ಲದೆ ಹಣ ಕೊಡುತ್ತಾರೆಂಬುದು ವಿನೋದದ ವಿಷಯ.

ಬಸ್ ಡಿಪೋ ಇರುವ ತಾಲ್ಲೂಕಿನ ಊರುಗಳಲ್ಲಿ ಇಂಥ ನಿವೃತ್ತ ಮೇಸ್ತ್ರಿಗಳು ಇದ್ದೇ ಇರುತ್ತಾರೆ. ಹಳೆಯ ಲಾರಿಯುಳ್ಳ ಓದುಗರು ಅವರ ಮನೆಯನ್ನು ವಿಚಾರಿಸಿಕೊಂಡು ಹೋಗಲಿ. ನೋಡುವ ಕೂಲಿಯನ್ನು ಮೊದಲೇ ಕೈಗಿಡಲಿ, ಬಿಡಿಭಾಗದ ಚೀಟಿಯನ್ನು ಆಮೇಲೆ ಬರೆಸಿಕೊಳ್ಳಲಿ.